ಹಲ್ಲು ಹೇಳಿದ ಸುಳ್ಳು

ಮಾಣಿಕಪ್ಪನ ಬಾಯಲ್ಲಿ ಉಳಿದಿದ್ದ ಇಪ್ಪತ್ತೇಳು ಹಲ್ಲುಗಳಲ್ಲಿ ಒಂದು ಮಾತ್ರ ಕಲಬುರಗಿಯ ಜೊತೆ ಮಾತಾಡುತ್ತಿತ್ತು. ಬಲಗಡೆಯ ದವಡೆ ಹಲ್ಲು ಅದು. ಅದರ ಮಗ್ಗುಲಿಗೆ ಅಕ್ಕಿನುಚ್ಚಿನಷ್ಟು ಗಾತ್ರದ ಒಂದು ಕಾಳನ್ನು ಅಂಟಿಸಿದ್ದರು. ಆ ಕಾಳು ನಿಮಿಷಕ್ಕೊಮ್ಮೆ ಜೊಲ್ಲನ್ನು ಪರೀಕ್ಷಿಸಿ, ಪಾರ್ಕಿನ್ಸನ್ ರೋಗಕ್ಕೆ ಅವನು ನುಂಗಿದ ಗುಳಿಗೆಯ ಮದ್ದು ಮೈಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ಮಣಿಕಟ್ಟಿನ ಪಟ್ಟಿಗೆ ತಿಳಿಸುತ್ತಿತ್ತು. ಮದ್ದು ಸಾಕಷ್ಟಿದ್ದರೆ ಪಟ್ಟಿಯಲ್ಲಿ ಹಸಿರು ದೀಪ. ಇಳಿಯತೊಡಗಿದರೆ ಕೇಸರಿ ದೀಪ, ಜೊತೆಗೆ ಕೈಯೆಲ್ಲ ಝುಂ ಎನ್ನುವ ಹಾಗೆ ಒಂದು ನಡುಕ: ಗುಳಿಗೆ ತಗೋ ಎಂದು ಅರ್ಥ. ಅದೇ ಹೊತ್ತಿಗೆ ಕಲಬುರಗಿಯ ಸಂಶೋಧನಾ ಕೇಂದ್ರದ ಗೋಡೆಯ ಮೇಲೆ, ಏಳುನೂರು ಚುಕ್ಕೆಗಳ ನಡುವೆ, ಬೀದರದ ಒಂದು ಚುಕ್ಕೆಯೂ ಬಣ್ಣ ಬದಲಿಸುತ್ತಿತ್ತು.

ಹೆಂಡತಿ ಜಗದೇವಿಗೆ ಮೊದಮೊದಲು ಈ ಹಲ್ಲಿನ ಮೇಲೆ ಹೊಟ್ಟೆಕಿಚ್ಚು. ಇರದೆ ಏನು? ಎಂಟು ವರ್ಷ ಆ ಕೆಲಸ ಮಾಡಿದವಳು ಅವಳು.

ಈ ರೋಗದ ಗುಳಿಗೆ ಬಹಳ ಗತ್ತಿನದು. ಮಿದುಳಿನಲ್ಲಿ ಕೈಕಾಲಿಗೆ ಅಪ್ಪಣೆ ಕೊಡುವ ಡೋಪಮಿನ್ ಎಂಬ ರಸ ಬತ್ತುತ್ತ ಬರುತ್ತದೆ. ಅದನ್ನು ಹೊರಗಿನಿಂದ ತುಂಬಿಕೊಡುವುದು ಗುಳಿಗೆಯ ಕೆಲಸ. ಅರ್ಧ ಗಂಟೆ ತಡವಾದರೆ ಮನುಷ್ಯ ಹೊಸ್ತಿಲ ಮೇಲೆ ಎತ್ತಿದ ಕಾಲನ್ನು ಇಳಿಸಲಾಗದೆ ಹಾಗೇ ನಿಂತುಬಿಡುತ್ತಾನೆ. ಬೇಗ ಕೊಟ್ಟರೆ ಮೈ ತನ್ನಷ್ಟಕ್ಕೆ ತಾನೇ ಕುಣಿಯತೊಡಗುತ್ತದೆ. ಬೇಳೆ ಉಂಡ ದಿನ ನಿಧಾನಕ್ಕೆ ಹತ್ತುತ್ತದೆ, ಹೊಟ್ಟೆ ಖಾಲಿ ಇದ್ದ ದಿನ ಓಡಿ ಬರುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿ ಬೆಳಗಿನ ಏಳು, ಹನ್ನೊಂದು, ಮೂರು, ಏಳು ಎಂದು ನಾಲ್ಕು ಸಲ ಗುಳಿಗೆ ಕೊಟ್ಟುಕೊಂಡು ಬಂದಿದ್ದಳು ಜಗದೇವಿ. ತಂಗಿಯ ಮಗಳ ಮದುವೆಯಲ್ಲಿ ಅಕ್ಕಿಕಾಳು ಕೈಯಲ್ಲಿದ್ದಾಗಲೇ ಹನ್ನೊಂದು ಹೊಡೆದು, ಅವಳು ನೀರಿನ ಲೋಟ ಹುಡುಕಿಕೊಂಡು ಓಡಿದ್ದನ್ನು ನೆಂಟರು ಇವತ್ತಿಗೂ ಹೇಳಿ ನಗುತ್ತಾರೆ.

ಹಲ್ಲಿಗೆ ಕಾಳು ಬಂದ ಮೇಲೆ ಹೊಟ್ಟೆಕಿಚ್ಚು ಬಹಳ ದಿನ ಉಳಿಯಲಿಲ್ಲ. ಮಾಣಿಕಪ್ಪ ಬಿದರಿ ಕೆಲಸದವನು. ಸತುವಿನ ಹೂಜಿಯ ಮೇಲೆ ಉಳಿಯಿಂದ ಕೂದಲಿನಷ್ಟು ಸಣ್ಣ ಗೀರು ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸುವ ಕೈ ಅವನದು. ಮೂರು ವರ್ಷ ಉಳಿ ಮುಟ್ಟದೆ ಕೂತಿದ್ದ ಆ ಕೈ, ಮದ್ದು ಮಟ್ಟಸವಾಗಿ ಸಿಗತೊಡಗಿದ ಎರಡೇ ತಿಂಗಳಲ್ಲಿ ಒಂದು ಎಲೆಬಳ್ಳಿಯನ್ನು ಕೊರೆದು ತೋರಿಸಿತು. ಆವತ್ತು ಜಗದೇವಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಆಮೇಲೆ ಒಂದು ವರ್ಷ ಅವರಿಬ್ಬರೂ ಹೊಸದಾಗಿ ಸಂಸಾರ ಹೂಡಿದವರ ಹಾಗೆ ಸುಖವಾಗಿದ್ದರು.

ಕಷ್ಟ ಶುರುವಾದದ್ದು ಆಷಾಢದಲ್ಲಿ. ಒಂದು ಬೆಳಿಗ್ಗೆ ಹತ್ತೂವರೆಗೆ ಮನೆಯ ಮುಂದಿನ ಕಾರ್ಖಾನೆಯಿಂದ ಖಲೀಲ್ ಮಿಯಾ ಕೂಗಿದ. ಅವನು ಮಾಣಿಕಪ್ಪನ ಮೂವತ್ತು ವರ್ಷದ ಜೊತೆಗಾರ, ಎರಕ ಹುಯ್ಯುವವನು.

"ವೈನಿ, ಲಗೂನ ಬರ್ರಿ! ಅಣ್ಣಾ ಕುಂತಲ್ಲೇ ಬಿಗದಾನ."

ಜಗದೇವಿ ಬಂದು ನೋಡಿದರೆ ಮಾಣಿಕಪ್ಪ ಮಣೆಯ ಮೇಲೆ ಕೂತಿದ್ದ. ಕೈಯಲ್ಲಿ ಉಳಿ, ಕಣ್ಣು ತೆರೆದೇ ಇತ್ತು, ಮೈ ಮಾತ್ರ ಮರದ ದಿಮ್ಮಿ. ಅವಳ ನೋಟ ಮೊದಲು ಹೋದದ್ದು ಮಣಿಕಟ್ಟಿಗೆ. ಪಟ್ಟಿಯಲ್ಲಿ ಹಸಿರು ದೀಪ ಉರಿಯುತ್ತಿತ್ತು.

ಮರುದಿನ ಏನೂ ಆಗಲಿಲ್ಲ. ಅದರ ಮರುದಿನ ಮತ್ತೆ ಹಾಗೇ ಆಯಿತು. ವಾರಕ್ಕೆ ಮೂರು ಸಲ, ನಾಲ್ಕು ಸಲ. ಪ್ರತಿ ಸಲವೂ ಹಸಿರು.

ಕೇಂದ್ರದಲ್ಲಿ ಇವರ ಚುಕ್ಕೆಯನ್ನು ನೋಡಿಕೊಳ್ಳುತ್ತಿದ್ದವಳು ನಿಲೋಫರ್ ಎಂಬ ಎಂಜಿನಿಯರ್ ಹುಡುಗಿ. ದಿನಾ ಸಂಜೆ ಫೋನು ಮಾಡಿ ತನ್ನ ಕಾಗದದಲ್ಲಿದ್ದ ಪ್ರಶ್ನೆಗಳನ್ನು ಕೇಳುವಳು. ಏನು ಉಂಡಿರಿ? ಏನು ಕುಡಿದಿರಿ? ಎಲೆ ಅಡಿಕೆ? ತಂಬಾಕು? ಬೇರೆ ಔಷಧಿ? ಮಾಣಿಕಪ್ಪ ಶಾಲೆಯ ಹುಡುಗನ ಹಾಗೆ ಪ್ರಾಮಾಣಿಕವಾಗಿ ಉತ್ತರಿಸುತ್ತಿದ್ದ: ಎರಡು ರೊಟ್ಟಿ, ಪುಂಡಿ ಪಲ್ಯ, ಮೂರು ಸಲ ಚಹಾ, ಎಲೆ ಅಡಿಕೆ ಇಲ್ಲ, ತಂಬಾಕು ಬಿಟ್ಟು ಹತ್ತು ವರ್ಷ.

ಕೊನೆಗೆ ಇಬ್ಬರನ್ನೂ ಕಲಬುರಗಿಗೆ ಕರೆಸಿದರು. ಹಗಲೆಲ್ಲ ಅವನನ್ನು ಕೂರಿಸಿಕೊಂಡು ಗಂಟೆಗೊಮ್ಮೆ ರಕ್ತ ತೆಗೆದರು. ಹಲ್ಲು ಹೇಳಿದ್ದಕ್ಕೂ ರಕ್ತ ಹೇಳಿದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆವತ್ತು ಮಾಣಿಕಪ್ಪ ಒಂದು ಸಲವೂ ಬಿಗಿಯಲಿಲ್ಲ. ಕಾರಿಡಾರಿನಲ್ಲಿ ಹೊಸ ಮದುಮಗನ ಹಾಗೆ ಓಡಾಡಿದ.

ನಿರ್ದೇಶಕರು ಡಾಕ್ಟರ್ ಹಂಗರಗಿ. ಮಾತು ಕಡಿಮೆ, ಮನಸ್ಸು ಕೆಟ್ಟದ್ದಲ್ಲ. ಚುಕ್ಕೆಗಳ ಗೋಡೆಯ ಮುಂದೆ ಇಬ್ಬರನ್ನೂ ಕೂರಿಸಿ ನೀರು ತರಿಸಿಕೊಟ್ಟರು. ನೀರು ತರಿಸಿದಾಗಲೇ ಜಗದೇವಿಗೆ ಗೊತ್ತಾಯಿತು, ಸುದ್ದಿ ಒಳ್ಳೆಯದಲ್ಲವೆಂದು.

"ನೋಡ್ರಿ ಅಮ್ಮಾ, ಯಂತ್ರ ಸರಿಯಾಗಿ ಅದ. ಇವತ್ತು ಪರೀಕ್ಷಾ ಮಾಡಿ ನೋಡೀವಿ. ಮದ್ದು ಮೈಯಾಗ ಇದ್ದಾಗೂ ಇವರು ಬಿಗೀಲತ್ತಾರಂದ್ರ, ಮೈ ಮದ್ದಿನ ಮಾತು ಕೇಳೂದು ಬಿಡ್ಲತ್ತದ ಅಂತ ಅರ್ಥ."

"ಇವತ್ತು ಬರೋಬ್ಬರಿ ಇದ್ದರಲ್ರಿ?"

"ಡಾಕ್ಟರ ಮುಂದ ಎಲ್ಲರೂ ಒಂದೀಟು ಚಲೋ ಇರ್ತಾರ. ಒಂದಿನ ಕೇಳ್ತದ, ಒಂದಿನ ಕೇಳಂಗಿಲ್ಲ. ಆಮ್ಯಾಲ ಪೂರಾ ನಿಲ್ತದ. ಏಳುನೂರು ಮಂದ್ಯಾಗ ಇಂಥವರು ನಲವತ್ತಮೂರು ಮಂದಿ ಆಗ್ಯಾರ."

ಆ ನಲವತ್ತಮೂರು ಮಂದಿಯ ಚುಕ್ಕೆಗಳು ಗೋಡೆಯ ಕೆಳಮೂಲೆಯಲ್ಲಿ ಬೂದು ಬಣ್ಣಕ್ಕೆ ತಿರುಗಿದ್ದವು. ಅವರ ಹಲ್ಲಿನ ಕಾಳು ತೆಗೆದಿದ್ದರು. ಕೆಲಸ ಮಾಡದ ಮದ್ದನ್ನು ಸುಮ್ಮನೆ ಮೈಗೆ ತುಂಬುವುದು ಬೇಡವೆಂದು ಗುಳಿಗೆಯನ್ನು ಅರ್ಧಕ್ಕೆ ಇಳಿಸಿದ್ದರು. ಹೆಚ್ಚಿನವರು ಈಗ ಹಾಸಿಗೆಯ ಮೇಲೆ. ಮಾಣಿಕಪ್ಪನ ವಿಷಯವನ್ನು ಇಪ್ಪತ್ತನೇ ತಾರೀಖು ಸಮಿತಿ ತೀರ್ಮಾನಿಸುತ್ತದೆ ಎಂದರು ಡಾಕ್ಟರು. ಏಳುವ ಮುಂಚೆ ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಿದರು: ಹಸಿರು ಇದ್ದಾಗ ಯಾವ ಕಾರಣಕ್ಕೂ ಗುಳಿಗೆ ಕೊಡಬಾರದು, ಮದ್ದು ಮೈಯಲ್ಲಿ ಮಿತಿಮೀರಿದರೆ ಅಪಾಯ.

ಆವತ್ತೇ ರೈಲಿನಲ್ಲಿ ಬೀದರಕ್ಕೆ ವಾಪಸಾದರು. ಮರುದಿನ ಮಾಣಿಕಪ್ಪ ತನ್ನ ಉಳಿಗಳನ್ನೆಲ್ಲ ಒರೆಸಿ, ಬಟ್ಟೆಯಲ್ಲಿ ಸುತ್ತಿ ಖಲೀಲ್ ಮಿಯಾನ ಮುಂದಿಟ್ಟ.

"ನನ್ನ ಕೈಯಿ ಮುಗೀತು. ನಿನ್ನ ಕಡಿ ಇರ್ಲಿ."

"ಯಾವನು ಹೇಳ್ದ ಮುಗೀತಂತ?" ಜಗದೇವಿ ಒಳಗಿನಿಂದಲೇ ರೇಗಿದಳು. "ಆ ಗೋಡಿ ಮ್ಯಾಗಿನ ದೀಪ ಹೇಳ್ತಂದ್ರ ಮುಗೀತೇನು? ನಾ ಎಂಟು ವರ್ಸ ನೋಡೀನಿ ನಿಮ್ಮ ಮೈಯ."

"ಯಂತ್ರಕ್ಕಿಂತ ನಿನಗ ಹೆಚ್ಚು ಗೊತ್ತದೇನು?"

ಹೌದು ಎನ್ನುವ ಧೈರ್ಯ ಅವಳಿಗೆ ಬರಲಿಲ್ಲ. ಅಡುಗೆಮನೆಗೆ ಹೋಗಿ ಹಿಟ್ಟು ನಾದಲು ಕೂತು, ಅಳು ಬಂದಷ್ಟನ್ನೂ ಹಿಟ್ಟಿನ ಮೇಲೆ ತೀರಿಸಿಕೊಂಡಳು. ಆದರೆ ಒಂದು ವಿಷಯ ಅವಳನ್ನು ಕೊರೆಯುತ್ತಲೇ ಇತ್ತು. ಮದ್ದು ಇಳಿಯುವಾಗ ಮಾಣಿಕಪ್ಪನ ದನಿ ಮೊದಲು ತೆಳ್ಳಗಾಗುತ್ತದೆ. ಆಮೇಲೆ ಎಡಗೈ ಹೆಬ್ಬೆರಳು ಬೀಡಿ ಹೊಸೆಯುವ ಹಾಗೆ ಆಡತೊಡಗುತ್ತದೆ. ಆಮೇಲೆ ಕಾಲು ಹಿಡಿಯುತ್ತದೆ. ಈಗ ಹಸಿರು ದೀಪದ ಕೆಳಗೂ ಅದೇ ದನಿ, ಅದೇ ಹೆಬ್ಬೆರಳು, ಅದೇ ಕಾಲು, ಅದೇ ಕ್ರಮ. ಮೈ ಮದ್ದಿನ ಮಾತು ಕೇಳುತ್ತಿಲ್ಲ ಎಂದರೆ ಹೀಗೆ ಸರದಿ ಪ್ರಕಾರ ಯಾಕೆ ಕೆಡಬೇಕು?

ಹದಿನಾರನೇ ತಾರೀಖು ಮಧ್ಯಾಹ್ನ ಹನ್ನೆರಡಕ್ಕೆ ಅವನು ಬಾಗಿಲಲ್ಲೇ ಬಿಗಿದು ನಿಂತ. ಬೆಳಿಗ್ಗೆ ಏಳಕ್ಕೆ ನುಂಗಿದ ಗುಳಿಗೆಯೇ ಕೊನೆ, ಅದನ್ನು ನುಂಗಿ ಐದು ತಾಸು ಕಳೆದಿತ್ತು. ಪಟ್ಟಿ ಹಸಿರು. ಅವನನ್ನು ಹೇಗೋ ಕೂರಿಸಿ ಜಗದೇವಿ ನಿಲೋಫರಳಿಗೆ ಫೋನು ಹಚ್ಚಿದಳು.

"ಅವ್ವಾ, ನಾ ಗುಳಿಗಿ ಕೊಡ್ತೀನಿ."

"ಬ್ಯಾಡ್ರಿ ಅಮ್ಮಾರ! ನನ್ನ ಮುಂದ ನಿಮ್ಮ ಚುಕ್ಕಿ ಹಸಿರದ. ನಿಯಮ ಇಲ್ಲ."

"ನಿಯಮಕ್ಕ ಕೈಕಾಲು ಬಿಗದಿಲ್ಲ, ಇವರಿಗಿ ಬಿಗದಾವ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಹುಡುಗಿ ದನಿ ತಗ್ಗಿಸಿ ಕೇಳಿದಳು: "ಕಾಳು ಹಚ್ಚೂಕಿಂತ ಮೊದಲು, ನಿಮ್ಮ ಹಳೇ ಡಾಕ್ಟರ ಚೀಟಿ ಪ್ರಕಾರ ಎಷ್ಟಕ್ಕ ಕೊಡ್ತಿದ್ರಿ?"

"ಹನ್ನೊಂದಕ್ಕ."

"ಈಗ ಹನ್ನೆರಡಾಗ್ಯದ. ಅದಷ್ಟೇ ಗುಳಿಗಿ, ಒಂದು ತುಣುಕೂ ಹೆಚ್ಚಿಲ್ಲ. ಕೊಡ್ರಿ. ನಾ ಫೋನಿನಾಗೇ ಇರ್ತೀನಿ. ಮೈ ಕುಣೀಲಕತ್ತಿದ್ರ ತಕ್ಷಣ ಹೇಳ್ರಿ."

ಮೂವತ್ತೆಂಟು ನಿಮಿಷ ಆ ಫೋನು ಇಬ್ಬರಲ್ಲಿ ಒಬ್ಬರೂ ಇಡಲಿಲ್ಲ. ಮೈ ಕುಣಿಯಲಿಲ್ಲ. ಮೂವತ್ತೊಂಬತ್ತನೇ ನಿಮಿಷಕ್ಕೆ ಮಾಣಿಕಪ್ಪ ಗಂಟಲು ಸರಿಮಾಡಿಕೊಂಡು, "ರೊಟ್ಟಿ ಆಗ್ಯಾವೇನು?" ಅಂದ. ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದ.

"ಕೇಳ್ಸಿತೇನವ್ವಾ?" ಜಗದೇವಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಮೈ ಮದ್ದಿನ ಮಾತು ಕೇಳ್ತದ! ಮೈಯಾಗ ಮದ್ದೇ ಇದ್ದಿಲ್ಲ. ನಿಮ್ಮ ಹಲ್ಲು ಸುಳ್ಳು ಹೇಳ್ಲತ್ತದ."

ನಿಲೋಫರ್ ಕಾಗದ ಎಳೆದುಕೊಂಡ ಸದ್ದು ಕೇಳಿಸಿತು. "ಹಂಗಾದ್ರ ಬಾಯಾಗ ಮತ್ತೇನೋ ಹೋಗ್ಲತ್ತದ್ರಿ, ಮದ್ದಿನ ವೇಷ ಹಾಕ್ಕೊಂಡು. ಇವತ್ತು ಏನೇನು ತಿಂದಾರ, ಮತ್ತೊಮ್ಮಿ ಹೇಳ್ರಿ."

ಮತ್ತೊಮ್ಮೆ ಹೇಳಿದರೂ ಅದೇ ರೊಟ್ಟಿ, ಅದೇ ಪಲ್ಯ.

ಮರುದಿನ ಜಗದೇವಿ ಮನೆಗೆಲಸ ಬಿಟ್ಟು ಕಾರ್ಖಾನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತಳು. ಗಂಡನ ಬಾಯನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಖಲೀಲ್ ಮಿಯಾನಿಗೆ ಇದು ದೊಡ್ಡ ತಮಾಷೆ. "ಅಣ್ಣಾ, ಆಕಳಿಸಬ್ಯಾಡ, ವೈನಿ ಬರ್ಕೋತಾರ" ಎಂದು ಕಾಡಿದ.

ಹತ್ತು ಗಂಟೆಗೆ ಪಕ್ಕದ ಓಣಿಯ ಕಾರ್ಖಾನೆಯವರು ಮೂರು ಕಾಗದದ ಪೊಟ್ಟಣ ತಂದರು. ಕೋಟೆಯ ಮಣ್ಣು. ಬಿದರಿ ಸಾಮಾನು ಕಪ್ಪಗಾಗುವುದು ಈ ಮಣ್ಣಿನಿಂದಲೇ. ಹಳೆಯ ಕೋಟೆಯಲ್ಲಿ ನೂರಾರು ವರ್ಷ ಮಳೆ ಬಿಸಿಲು ಕಾಣದ ಕತ್ತಲೆ ಮೂಲೆಯ ಮಣ್ಣನ್ನು ನವಸಾಗರ ಎಂಬ ಉಪ್ಪಿನ ಜೊತೆ ಕುದಿಸಿ ಅದರಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣು ಒಳ್ಳೆಯದೋ ಅಲ್ಲವೋ ಹೇಳಲು ಯಾವ ಯಂತ್ರವೂ ಇಲ್ಲ, ನಾಲಿಗೆಯೇ ಬೇಕು. ಈ ಬೇಸಿಗೆಯಲ್ಲಿ ಹಳೆಯ ಮೂಲೆಗಳ ಮಣ್ಣು ತೀರಿ, ಎಲ್ಲರೂ ಹೊಸ ಜಾಗ ಅಗೆಯತೊಡಗಿದ್ದರು. ಮೊದಲು ವರ್ಷಕ್ಕೊಮ್ಮೆ ಬರುತ್ತಿದ್ದವರು ಈಗ ವಾರಕ್ಕೆ ಮೂರು ನಾಲ್ಕು ಸಲ ಅಗೆದದ್ದನ್ನೆಲ್ಲ ಮಾಣಿಕಪ್ಪನ ಹತ್ತಿರ ತರುತ್ತಿದ್ದರು. ರೋಗ ಅವನ ಮೂಗಿನ ವಾಸನಾಶಕ್ತಿ ಕಿತ್ತುಕೊಂಡಿತ್ತು, ನಾಲಿಗೆಯನ್ನು ಬಿಟ್ಟಿತ್ತು.

ಮಾಣಿಕಪ್ಪ ಒಂದು ಚಿಟಿಕೆ ತೆಗೆದು ನಾಲಿಗೆಗಿಟ್ಟು, ಕಣ್ಣು ಮುಚ್ಚಿ, ಬಾಯೆಲ್ಲ ಆಡಿಸಿ ಉಗುಳಿದ. "ಇದು ಮಳಿ ಕಂಡ ಮಣ್ಣು. ಚೆಲ್ರಿ." ಎರಡನೆಯದನ್ನು ನಾಲಿಗೆಗಿಟ್ಟ.

ಜಗದೇವಿಯ ಕಣ್ಣು ಅಷ್ಟೊತ್ತಿಗೆ ಮಣಿಕಟ್ಟಿನ ಮೇಲಿತ್ತು. ಅರೆಕ್ಷಣದ ಹಿಂದೆ ಕೇಸರಿಗೆ ತಿರುಗುತ್ತಿದ್ದ ದೀಪ ಒಮ್ಮೆ ಮಿಣುಕಿ ಹಸಿರಾಯಿತು.

"ರೀ! ಇನ್ನೊಮ್ಮಿ ಇಡ್ರಿ ನಾಲಿಗಿಗಿ!"

"ಹುಚ್ಚು ಹಿಡದದೇನು ನಿನಗ?"

ಅವಳಿಗೆ ಉತ್ತರ ಕೊಡುವ ವ್ಯವಧಾನ ಇರಲಿಲ್ಲ. ಫೋನಿನಲ್ಲಿ ಕೂಗುತ್ತಿದ್ದಳು: "ಅವ್ವಾ, ಮಣ್ಣು! ಮಣ್ಣು!"

"ಅಮ್ಮಾರ, ಮಣ್ಣು ತಿಂತಾರೇನ್ರಿ? ನನಗ ಒಂದಿನಾನೂ ಹೇಳಲಿಲ್ಲಲ್ರಿ!"

"ತಿನ್ನೂದಲ್ಲವ್ವಾ, ನೋಡೂದು. ನೋಡಿ ಉಗಳೂದು. ನೀ ಏನು ಉಂಡಿರಿ ಅಂತ ಕೇಳ್ದಿ, ಏನು ಉಗುಳಿದಿರಿ ಅಂತ ಕೇಳಿದ್ದೀ ಏನು?"

ಪಕ್ಕದಲ್ಲಿ ಮಾಣಿಕಪ್ಪ ಬಾಯಿ ತೆರೆದುಕೊಂಡೇ ಕೂತಿದ್ದ. ನಲವತ್ತೈದು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಅದು. ಅದನ್ನೂ ಡಾಕ್ಟರಿಗೆ ಹೇಳಬೇಕು ಎಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಕಲಬುರಗಿಗೆ ಹೋದ ದಿನ ಅವನ ನಾಲಿಗೆಗೆ ಮಣ್ಣು ಬಿದ್ದಿರಲಿಲ್ಲ, ಅದಕ್ಕೇ ಹಲ್ಲು ನಿಜ ಹೇಳಿತ್ತು.

ಇಪ್ಪತ್ತನೇ ತಾರೀಖು ಸಮಿತಿಯ ಮುಂದೆ ಜಗದೇವಿ ಒಂದು ಪೊಟ್ಟಣ ಮಣ್ಣು ಇಟ್ಟುಕೊಂಡು ಕೂತಿದ್ದಳು. ಆರು ಮಂದಿ ದೊಡ್ಡವರು. ಮಾಣಿಕಪ್ಪನಿಗೆ ಬೆಳಗಿನ ಗುಳಿಗೆ ಕೊಟ್ಟು ನಾಲ್ಕು ಗಂಟೆಯಾಗಿತ್ತು, ಪಟ್ಟಿ ಆಗಲೇ ಕೇಸರಿ. ನಿಲೋಫರ್ ರಕ್ತ ತೆಗೆದಳು: ಮದ್ದು ತಳ ಕಂಡಿತ್ತು. ಆಮೇಲೆ ಅವನು ನಾಲಿಗೆಗೆ ಮಣ್ಣಿಟ್ಟು ಉಗುಳಿದ. ಗೋಡೆಯ ಮೇಲೆ ಬೀದರದ ಚುಕ್ಕೆ ಎಲ್ಲರ ಕಣ್ಣೆದುರಿಗೇ ಹಸಿರಾಯಿತು. ಮತ್ತೆ ರಕ್ತ ತೆಗೆದಳು. ಮದ್ದು ಇದ್ದಲ್ಲೇ ಇತ್ತು, ತಳದಲ್ಲಿ.

"ಮಣ್ಣಿನಾಗಿನ ಕಬ್ಬಿಣದ ಉಪ್ಪು," ಎಂದಳು ನಿಲೋಫರ್. "ಕಾಳಿನ ಮೇಲೆ ಒಂದು ಸಣ್ಣ ವೋಲ್ಟೇಜ್ ಕೊಟ್ಟಾಗ ಮದ್ದು ಎಲೆಕ್ಟ್ರಾನು ಬಿಟ್ಟುಕೊಡ್ತದ. ಅದನ್ನ ಎಣಿಸಿ ನಾವು ಮದ್ದು ಇಷ್ಟದ ಅಂತೀವಿ. ಈ ಉಪ್ಪೂ ಅಲ್ಲೇ, ಅಷ್ಟೇ ವೋಲ್ಟೇಜಿಗೆ ಬಿಡ್ತದ. ಬಾಯಿ ಮುಕ್ಕಳಿಸಿದ್ರೂ ಹೋಗಂಗಿಲ್ಲ, ಕಾಳಿನ ಪೊರಿಯಾಗ ತಾಸುಗಟ್ಟಲೆ ಕುಂದ್ರತದ. ಎರಡು ಬೇರೆ ಬೇರೆ ವೋಲ್ಟೇಜಿನಾಗ ಅಳತಿ ಮಾಡಿದ್ರ ಎರಡನ್ನೂ ಬೇರೆ ಮಾಡಬಹುದು. ನಾ ನಿನ್ನಿ ಮಾಡಿ ನೋಡೀನಿ, ಬರ್ತದ."

ಅಷ್ಟು ಹೊತ್ತಿಗೆ ಮಾಣಿಕಪ್ಪನ ಕಾಲು ಹಿಡಿಯತೊಡಗಿತ್ತು. ಹಸಿರು ದೀಪದ ಕೆಳಗೇ ಡಾಕ್ಟರ್ ಹಂಗರಗಿ ತಮ್ಮ ಕೈಯಾರೆ ಗುಳಿಗೆ ಕೊಟ್ಟರು. ಮುಕ್ಕಾಲು ಗಂಟೆಯ ಮೇಲೆ ಮಾಣಿಕಪ್ಪ ಎದ್ದು, ಖಲೀಲ್ ಮಿಯಾ ಒತ್ತಾಯ ಮಾಡಿ ಚೀಲದಲ್ಲಿ ಹಾಕಿಕೊಟ್ಟಿದ್ದ ಸತುವಿನ ಬಿಲ್ಲೆಯನ್ನೂ ಉಳಿಯನ್ನೂ ತೆಗೆದು, ಸಮಿತಿಯ ಮೇಜಿನ ಮೇಲೆಯೇ ಒಂದು ಎಲೆ ಕೊರೆದ. ಕೇಳಿದವರು ಯಾರೂ ಇಲ್ಲ, ಅವನಿಗೇ ತೋರಿಸಬೇಕಾಗಿತ್ತು. ಗೀರು ಎಲ್ಲಿಯೂ ಅಲುಗಿರಲಿಲ್ಲ. ಜಗದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು. ಈ ಕೈಯನ್ನು ಇನ್ನು ಯಾರೂ ಮುಗಿಯಿತು ಅನ್ನುವಂತಿಲ್ಲ.

ಸಮಿತಿಯವರು ಚಪ್ಪಾಳೆ ತಟ್ಟಿದರು. ಡಾಕ್ಟರ್ ಹಂಗರಗಿ ಮಾತ್ರ ತಟ್ಟಲಿಲ್ಲ. ಅವರು ಗೋಡೆಯ ಕೆಳಮೂಲೆಯನ್ನೇ ನೋಡುತ್ತ ನಿಂತಿದ್ದರು.

"ಆ ನಲವತ್ತಮೂರು ಮಂದಿ?" ಎಂದರು, ತಮ್ಮನ್ನೇ ಕೇಳಿಕೊಂಡ ಹಾಗೆ.

"ಅವರೆಲ್ಲ ಏನು ಕಸುಬು ಮಾಡ್ತಿದ್ರು ಸಾಹೇಬ್ರ?" ಎಂದಳು ಜಗದೇವಿ.

ಯಾರಿಗೂ ಗೊತ್ತಿರಲಿಲ್ಲ. ಕಡತದಲ್ಲಿ ವಯಸ್ಸಿತ್ತು, ತೂಕವಿತ್ತು, ಊಟದ ವಿವರವಿತ್ತು. ಕಸುಬು ಬರೆಯಲು ಜಾಗವೇ ಇರಲಿಲ್ಲ. ನಿಲೋಫರ್ ಆಗಿಂದಾಗಲೇ ಫೋನು ಹಚ್ಚತೊಡಗಿದಳು. ಮೊದಲನೆಯವರು ಶಾಲೆಯ ಮಾಸ್ತರರು. ಬಾಯಿಗೆ ಏನೂ ಇಡುತ್ತಿರಲಿಲ್ಲವಂತೆ. ಅವರದು ನಿಜವಾಗಿ ಮುಂದಿನ ಹಂತವೇ ಇರಬಹುದು. ಎಲ್ಲರ ಕಥೆಯೂ ಒಂದೇ ಆಗಲಿಕ್ಕಿಲ್ಲ ಎಂದು ಡಾಕ್ಟರು ನಿಟ್ಟುಸಿರಿಟ್ಟರು. ಎರಡನೆಯವನು ಚಿಂಚೋಳಿಯ ಈರಣ್ಣ. ಫೋನು ಎತ್ತಿದವಳು ಅವನ ಹೆಂಡತಿ ಮಹಾನಂದಾ.

"ಬಡಗಿ ಕೆಲಸ ಮಾಡ್ತಿದ್ರು," ಎಂದಳು. "ಮೂರು ತಿಂಗಳಾತು, ಮಲಗಿದಲ್ಲೇ ಅದಾರ."

ಜಗದೇವಿ ಫೋನಿನ ಹತ್ತಿರಕ್ಕೆ ಬಾಗಿದಳು. "ತಂಗಿ, ಕೆಲಸ ಮಾಡುವಾಗ ಅವರು ಮೊಳಿ ಎಲ್ಲಿ ಇಟ್ಕೋತಿದ್ರು?"

"ಮೊಳಿ? ಬಾಯಾಗ್ರಿ. ತುಟಿನಾಗ ಹಿಡಕೊಂಡು ಒಂದೊಂದೇ ತಗೀತಿದ್ರು. ಬಡಗ್ಯಾರು ಎಲ್ಲರೂ ಹಂಗೇ ಅಲ್ರೀ?"

ಕಬ್ಬಿಣದ ಮೊಳೆ! ನಿಲೋಫರ್ ಕೂತಲ್ಲಿಂದ ಎದ್ದುಬಿಟ್ಟಳು. ಡಾಕ್ಟರ್ ಹಂಗರಗಿ ಫೋನು ಕೈಗೆ ತೆಗೆದುಕೊಂಡು, ಹಳೆಯ ಪ್ರಮಾಣದ ಗುಳಿಗೆ ಮನೆಯಲ್ಲಿದೆಯೇ ಎಂದು ಕೇಳಿ, ಇತ್ತೀಚಿನ ರಕ್ತದೊತ್ತಡ ಕೇಳಿ, ಒಂದು ಕೊಡಲು ಹೇಳಿದರು. ಫೋನು ಇಡಬೇಡ ಎಂದೂ ಹೇಳಿದರು.

ಆರು ಮಂದಿ ದೊಡ್ಡವರು, ಒಬ್ಬಳು ಎಂಜಿನಿಯರ್, ಒಬ್ಬ ಬಿದರಿ ಕೆಲಸದವ, ಅವನ ಹೆಂಡತಿ, ಎಲ್ಲರೂ ಒಂದು ಫೋನಿನ ಸುತ್ತ ಕೂತರು. ಚಹಾ ಬಂದು ಆರಿತು. ಅರ್ಧ ಗಂಟೆ ಕಳೆದರೂ ಮಹಾನಂದಾಳದು ಒಂದೇ ಮಾತು: "ಏನೂ ಇಲ್ರಿ ಅಕ್ಕಾ. ಕೈ ಹಂಗೇ ಅದ, ಕಾಲು ಹಂಗೇ ಅದ."

"ಕೈಕಾಲು ನೋಡಬ್ಯಾಡ ತಂಗಿ," ಎಂದಳು ಜಗದೇವಿ. "ದನಿ ಕೇಳು. ಮೊದಲ ಹೋಗೂದು ದನಿ, ಮೊದಲ ಬರೂದೂ ದನಿ."

ನಲವತ್ತನೇ ನಿಮಿಷ ದಾಟಿತು. ಆ ಕಡೆಯಿಂದ, ಸ್ವಲ್ಪ ದೂರದಲ್ಲಿ, ಒರಟಾದ ಗಂಡು ದನಿಯೊಂದು ಕೇಳಿತು:

"ಆಗಿಂದ ಯಾರ ಜೋಡಿ ಮಾತಾಡ್ಲತ್ತಿ?"

ಮಹಾನಂದಾ ಅಳುತ್ತಿದ್ದಳು. ಮಂಚ ಕಿರುಗುಟ್ಟಿದ ಸದ್ದು. "ಕುಂತಾರ ಅಕ್ಕಾ… ಎದ್ದು ಕುಂತಾರ… ಅಯ್ಯ, ತಡೀರಿ, ನಾ ಹಿಡೀತೀನಿ, ಕೈ ಕೊಡ್ರಿ…" ಪಾತ್ರೆಯೊಂದು ಉರುಳಿತು. ಆಮೇಲೆ ನೆಲಕ್ಕೆ ಎಳೆಯುವ ಹೆಜ್ಜೆ, ಮತ್ತೊಂದು ಹೆಜ್ಜೆ, ಮತ್ತೊಂದು. ಹೆಜ್ಜೆ ನಿಂತಿತು.

"ಈ ಬಾಗಿಲಿಗಿ ಯಾವನು ಮೊಳಿ ಹೊಡದಾನ?" ಈರಣ್ಣನ ದನಿ ಈಗ ಫೋನಿನ ಹತ್ತಿರವೇ ಇತ್ತು. "ಸೊಟ್ಟ ಹೊಡದಾನ, ಸುಡುಗಾಡ. ನನ್ನ ಸುತ್ತಿಗಿ ಎಲ್ಲಿ?"

ಕಲಬುರಗಿಯ ಆ ಕೋಣೆಯಲ್ಲಿ ಮೊದಲು ನಕ್ಕವನು ಮಾಣಿಕಪ್ಪ. ಆಮೇಲೆ ಯಾರು ನಕ್ಕರು, ಯಾರು ಕಣ್ಣೊರೆಸಿಕೊಂಡರು ಎಂದು ಬಿಡಿಸಿ ಹೇಳುವಂತಿರಲಿಲ್ಲ. ಡಾಕ್ಟರ್ ಹಂಗರಗಿ ಗೋಡೆಯ ಹತ್ತಿರ ಹೋಗಿ, ಚಿಂಚೋಳಿಯ ಬೂದು ಚುಕ್ಕೆಯ ಮೇಲೆ ಬೆರಳಿಟ್ಟು ಅದಕ್ಕೆ ಬಣ್ಣ ತುಂಬಿದರು.

"ತಂಗಿ, ಸುತ್ತಿಗಿ ಕೊಡು," ಎಂದಳು ಜಗದೇವಿ ಫೋನಿಗೆ. "ಮೊಳಿ ಮಾತ್ರ ಡಬ್ಬ್ಯಾಗ ಹಾಕಿ ಕೊಡು."

ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ನಿಲೋಫರಳ ಕಡೆ ತಿರುಗಿದಳು.

"ಹೂಂ ಅವ್ವಾ, ಮುಂದಿನವರಿಗಿ ಹಚ್ಚು."